ಸಿಂಹ ಸವೆದ ಚಮಚ

ಲಿಂಗಸೂಗೂರಿನ ದಂಡಿನಲ್ಲಿ ಹಿಂದೆ ಇದ್ದ ಇಂಗ್ಲಿಷ್ ಅಧಿಕಾರಿಗಳ ಊಟದ ಸಾಮಾನು ಹರಾಜಾಗಿ ಸುತ್ತಲ ಹಳ್ಳಿಗಳಿಗೆ ಹರಡಿತ್ತು. ಪಾಮನಕಲ್ಲೂರಿನ ಒಂದು ಮನೆಯಲ್ಲಿ ಬೆಳ್ಳಿಯ ಮುಳ್ಳುಚಮಚದಿಂದ ಹುಣಸೆಯ ನಾರು ತೆಗೆಯುವುದನ್ನು ನಾನೇ ಕಂಡಿದ್ದೇನೆ. ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ ಮಸ್ಕಿಗೆ ಮರಳಿದ ಮೇಲೆ ನಾನೂ ನನ್ನ ಗೆಳೆಯನೂ ಅವನ್ನು ಕೂಡಿಸತೊಡಗಿದೆವು. ಹಾಸ್ಟೆಲಿನಲ್ಲಿ ನನ್ನದೇ ಕೋಣೆಯಲ್ಲಿದ್ದವನು. ನಮ್ಮ ಅವ್ವನಿಗೆ ಎರಡನೆಯ ಮಗನಂತಿದ್ದ.

ಗುರುತು ಹಿಡಿಯುವುದನ್ನು ಅವನಿಗೆ ಕಲಿಸಿದವನು ನಾನು. ಹಿಡಿಯ ಬೆನ್ನು ತಿರುವಿ ನೋಡಬೇಕು. ಒಂದು ಕಾಲೆತ್ತಿ ನಡೆಯುವ ಪುಟ್ಟ ಸಿಂಹದ ಮುದ್ರೆ ಇದ್ದರೆ ಅಪ್ಪಟ ಬೆಳ್ಳಿ, ಇಲ್ಲದಿದ್ದರೆ ಬಹಳ ಮಾಡಿ ಮೇಲಷ್ಟೇ ಬೆಳ್ಳಿ ಲೇಪಿಸಿದ ಗಿಲೀಟು.

ಮಾಂಸ ಮುಟ್ಟಿದ ಸಾಮಾನನ್ನು ಅವ್ವ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ನಾನೂ ಗೆಳೆಯನೂ ಸೇರಿ ಯಾರಿಗೂ ತಿಳಿಯದಂತೆ ಕೊಟ್ಟಿಗೆಯಲ್ಲಿ, ಎತ್ತುಗಳು ಮೇವು ತಿನ್ನುವ ಗ್ವಾದಲಿಯ ಕೆಳಗೆ ಹೂತಿಟ್ಟೆವು. ಒಂದೇ ಒಂದು ಚಮಚ ಅವಳ ಮನಸ್ಸಿಗೆ ಬಂತು. ಹುಣಸೆಹಣ್ಣು, ಬೂದಿ ಹಚ್ಚಿ ದಿನಾ ತಿಕ್ಕಿ ಮೈಲಿಗೆ ಕಳೆದಳು. ಅದರ ಜೊತೆ ಸಿಂಹವೂ ಹೋಯಿತು. ಗೆಳೆಯ ಅದನ್ನು ನೋಡಿದ್ದು ಆಮೇಲೆ.

“ಗಿಲೀಟು ಐತಿ ಬಿಡಲೇ.”

“ಸಿಂಹ ಇತ್ತಲೇ, ನಾ ಕಣ್ಣಾರೆ ನೋಡೀನಿ.”

“ಹಂಗಾರ ನಿಮ್ಮವ್ವ ಸಿಂಹದ ಚರ್ಮಾನ ಸುಲದಾಳ ಅನ್ನು!”

“ಸುಮ್ನ ಉಣ್ಣೋ ಭಾಡ್ಯಾ,” ಎಂದು ಅವ್ವ ನಗುತ್ತಲೇ ಅವನಿಗೆ ಮೊಸರು ಬಡಿಸಿದ್ದಳು.

ನಿಜಾಮರ ಆಳ್ವಿಕೆ ಮುಗಿಯುತ್ತಿದ್ದ ಆ ದಿನಗಳಲ್ಲಿ ಬಂದೂಕಿನವರು ಗುಂಪುಗೂಡಿ ಊರೂರು ತಿರುಗುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಒಬ್ಬ ಅಪ್ಪನ ಗಂಟಲಿಗೆ ಬಂದೂಕಿನ ನಳಿಗೆ ಒತ್ತಿ ನಿಂತ. ಉಳಿದವರು ಏನನ್ನೂ ಹುಡುಕಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಗ್ವಾದಲಿಯ ಬುಡ ಅಗೆದರು. ಅವರ ನಾಯಕ ಒಂದೊಂದೇ ಹಿಡಿಯ ಬೆನ್ನು ತಿರುವಿ ನೋಡಿ ಚೀಲಕ್ಕೆ ಹಾಕುತ್ತಿದ್ದ. ಅಪ್ಪ ಉಗುಳು ನುಂಗಿದಾಗಲೆಲ್ಲ ಗಂಟಲಮಣಿ ನಳಿಗೆಗೆ ತಾಗಿ ಆಡುತ್ತಿತ್ತು. ಯಾರಾದರೂ ಗಟಗಟ ನೀರು ಕುಡಿದರೆ ನಾನು ಈಗಲೂ ಬೇರೆ ಕಡೆ ನೋಡುತ್ತೇನೆ.

ಅಷ್ಟರಲ್ಲಿ ಒಬ್ಬ ಅಡುಗೆಮನೆಯಿಂದ ಅವ್ವನ ಚಮಚ ತಂದ. ನಾಯಕ ಅದನ್ನು ತಿರುವಿ ಕೂಡ ನೋಡಲಿಲ್ಲ.

“ಒಗೀ ಅದನ್ನ. ಅಡಿಗಿಮನ್ಯಾಗಿಂದು ಗಿಲೀಟು.”

ಅವರು ಸಿಂಧನೂರಿನ ದಾರಿ ಹಿಡಿದರು. ಆ ಚಮಚವನ್ನು ಗಿಲೀಟು ಎಂದವನು ಅಲ್ಲಿಯವರೆಗೆ ಒಬ್ಬನೇ ಇದ್ದ.

ಮರುದಿನ ಗೆಳೆಯ ಬಂದು ಅಪ್ಪನ ಕೈ ಹಿಡಿದು ಅತ್ತ. ಅವ್ವ ಎಂದಿನಂತೆ ಅವಲಕ್ಕಿ ಮೊಸರು ಕಲಸಿ, ಅದೇ ಚಮಚ ಇಟ್ಟು ಕೊಟ್ಟಳು.

“ಅಪ್ಪನ ಗಂಟಲಿಗೆ ಬಂದೂಕು ಇಟ್ಟಿದ್ರು,” ಎಂದೆ.

ಅವನ ಕೈ ನಿಂತಿತು. “ಯಾರಿಗೂ ಕೈ ಹಚ್ಚೂದಿಲ್ಲ ಅಂದಿದ್ರಲೇ,” ಎಂದ, ತೀರಾ ಮೆಲ್ಲಗೆ.

ಒಳಗಿನಿಂದ ಅವ್ವ ಕೂಗಿದಳು: “ಇನ್ನೊಂದೀಟು ಮೊಸರು ಹಾಕ್ಲೇನೋ?”

“ಸಾಕು ಬೇ ಯವ್ವಾ.”

ಅವನು ಹೋದ ಮೇಲೆ ಅವ್ವ ಆ ಚಮಚವನ್ನು ಮತ್ತೆ ತಿಕ್ಕಲು ಕುಳಿತಳು. ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಹೋಗಿ ಬಾವಿಗೆ ಎಸೆದೆ. ಯಾಕೆಂದು ಅವಳು ಸಾಯುವವರೆಗೂ ಕೇಳುತ್ತಿದ್ದಳು. ಅವಳ ಎರಡನೆಯ ಮಗನ ಹೆಸರು ನನ್ನ ಬಾಯಿಂದ ಬರಲಿಲ್ಲ.