ಅಂಗಡಿಯ ದನಿ

ಅಪ್ಪ ಅಮ್ಮ ಇಟ್ಟ ಹೆಸರು ಆತನಿಗೂ ಒಂದಿತ್ತು. ಆದರೆ ಬಟ್ಟೆ ಅಂಗಡಿಯಲ್ಲಿ ಅದನ್ನು ಹಿಡಿದು ಕರೆದವರಿಲ್ಲ. ಮಹಡಿಯ ಮೇಲಿನ ಪರದೆ, ಹೊದಿಕೆಗಳ ವಿಭಾಗಕ್ಕೆ ಕೂದಲು ಕಪ್ಪಿದ್ದಾಗ ಸೇರಿ, ಪೂರಾ ಬೆಳ್ಳಗಾದ ಮೇಲೆ ಹೊರಬಂದ ಆತ ಎಲ್ಲರ ಬಾಯಲ್ಲೂ ಕೊನೇಪೀಸಪ್ಪ.

ಹೆಸರು ಸುಮ್ಮನೆ ಬಂದದ್ದಲ್ಲ. "ಇದೊಂದೇ ಪೀಸು ಉಳಿದಿರೋದು ಅಕ್ಕಾ. ಬೆಳಿಗ್ಗೆ ಒಬ್ರು ನೋಡ್ಕೊಂಡು ಹೋಗಿದ್ದಾರೆ, ಸಂಜೆ ಬರ್ತಾರಂತೆ. ನಿಮ್ಮ ಮುಖ ನೋಡಿ ತೋರಿಸ್ತಾ ಇದ್ದೀನಿ" ಎಂದು ಆತ ಹೇಳುವಾಗ, ಅದೇ ಬಣ್ಣದ, ಅದೇ ಹೂವಿನ ಕಂತೆ ಕಾಲಬುಡದಲ್ಲೇ ಬಿದ್ದಿರುತ್ತಿತ್ತು. ಇನ್ನೊಂದು ವಿದ್ಯೆಯೂ ಇತ್ತು. ಬಂದವರನ್ನು ಕೂರಿಸಿ, "ನೋಡೋಕೇನು ದುಡ್ಡಾ?" ಎನ್ನುತ್ತಾ ಒಂದರ ಮೇಲೊಂದು ಬಿಚ್ಚಿ ಹರಡುವುದು. ಗುಡ್ಡೆ ಬೆಳೆದಷ್ಟೂ ಬರಿಗೈಯಲ್ಲಿ ಏಳಲು ಅವರಿಗೆ ಸಂಕೋಚ. ಎಲ್ಲಕ್ಕಿಂತ ದೊಡ್ಡದು ಆ ದನಿ. ಬೆಲೆ ಹೇಳುವ ಹೊತ್ತಿಗೆ ಅದು ತಾನಾಗಿ ತಗ್ಗುತ್ತಿತ್ತು, ಮನೆಯವರ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಮೆತ್ತಗಾಗುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಆತ ಮನೆ ಕಟ್ಟಿದ, ಮಗಳನ್ನು ಓದಿಸಿದ, ಎಲ್ಲ ಆ ಬಾಯಿಯಿಂದಲೇ.

ಹೆಂಡತಿಯ ಹತ್ತಿರ ಮಾತ್ರ ಆ ದನಿ ನಡೆಯುತ್ತಿರಲಿಲ್ಲ. "ಈ ಅಂಗಡಿ ದನಿ ಅಂಗಡೀಲೇ ಬಿಟ್ಟು ಬನ್ನಿ" ಎಂದು ಆಕೆ ನಗುತ್ತಿದ್ದಳು. ಇವತ್ತು ಚೆನ್ನಾಗಿ ಕಾಣ್ತೀಯ ಎಂದರೂ ಅಷ್ಟೇ, "ಇದು ಇವತ್ತು ಎಷ್ಟನೇ ಅಕ್ಕನಿಗೆ ಹೇಳಿದ್ದು?" ಎನ್ನುತ್ತಿದ್ದಳು. ಆತನೂ ನಗುತ್ತಿದ್ದ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ ಎಂದು ಆಗ ಹೊಳೆಯಲಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಮಗಳು ಅಮ್ಮನಿಗೆ ಒಂದು ಫೋನು ತಂದುಕೊಟ್ಟಳು. ಅಲ್ಲಿಂದ ಬಾಗಿಲಿಗೆ ಪೊಟ್ಟಣಗಳ ಸಾಲು ಶುರುವಾಯಿತು. ನಿಂಬೆ ಹಿಂಡುವ ಯಂತ್ರ, ಮಂಡಿಗೆ ಕಟ್ಟುವ ಪಟ್ಟಿ, ಪಟ್ಟಿ ಇಡಲು ಒಂದು ಪೆಟ್ಟಿಗೆ. "ಎರಡೇ ಉಳಿದಿರೋದಂತೆ ರೀ! ಗಡಿಯಾರ ಓಡ್ತಾ ಇದೆ ನೋಡಿ ಇಲ್ಲಿ!" ಎಂದು ಆಕೆ ಒಲೆಯ ಮೇಲಿನ ಹಾಲು ಮರೆತು ಬೆರಳು ಒತ್ತುತ್ತಿದ್ದಳು.

ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಆತ ಕನ್ನಡಕ ಏರಿಸಿ ಫೋನನ್ನು ಒಮ್ಮೆ ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ, ಇದು ನಾನೇ ಕಣೇ! ಎರಡೇ ಉಳಿದಿದೆ ಅಂತಾನಲ್ಲ, ಅದು ನನ್ನ ಕೊನೇ ಪೀಸು. ಇಷ್ಟು ಜನ ಈಗ ನೋಡ್ತಿದ್ದಾರೆ ಅಂತಾನಲ್ಲ, ಅದು ಸಂಜೆ ಬರ್ತೀನಿ ಅಂದೋರು. ಈ ಗೀಟು ಎಳೆದಿರೋ ಹಳೇ ಬೆಲೆ ಇದೆಯಲ್ಲ, ಅದನ್ನ ಬರೆದೋರೂ ಅವರೇ, ಹೊಡೆದು ಹಾಕಿದೋರೂ ಅವರೇ." ಫೋನು ಮುಚ್ಚಿಸಿ ಮತ್ತೆ ತೆಗೆಸಿದ. ಮುಗಿಯಲು ಬಂದಿದ್ದ ಗಡಿಯಾರ ಮೊದಲಿನಿಂದ ಓಡತೊಡಗಿತ್ತು. ಹೆಂಡತಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಊಟದ ಮೇಜಿನ ಮುಂದೆ ಕೂರಿಸಿ ಸೂತ್ರವನ್ನೂ ಹೇಳಿಕೊಟ್ಟ. "ಬೇಕು ಅನ್ಸಿದ್ದನ್ನ ಆ ಫೋನಿನ ಬುಟ್ಟಿಗೆ ಹಾಕು, ಒಂದು ವಾರ ಅಲ್ಲೇ ಬಿಡು. ವಾರ ಆದ್ಮೇಲೂ ನೆನಪಿದ್ರೆ ತಗೋ. ಅವಸರ ಮಾಡೋರು ಯಾರೇ ಆಗ್ಲಿ, ತಮ್ಮ ಲಾಭಕ್ಕೇ ಮಾಡೋದು."

ಮದ್ದು ನಾಟಿತು. ಪೊಟ್ಟಣಗಳು ನಿಂತವು. ಬುಟ್ಟಿಯಲ್ಲಿ ಬಿಟ್ಟ ವಸ್ತುವಿಗೆ ಅಂಗಡಿಯವನೇ ಬೆಲೆ ಇಳಿಸಿ ಕರೆದರೆ, "ನೋಡ್ರೀ, ಹಿಂದೆ ಬಿದ್ದಿದ್ದಾನೆ" ಎಂದು ಆಕೆ ಕುಣಿದಳು. ನಾದಿನಿ ಬಂದು ಕಲಿತಳು, ಪಕ್ಕದ ಮನೆಯವರು ಬಂದು ಕಲಿತರು. ಜೀವಮಾನವೆಲ್ಲ ಕೊಳ್ಳಿಸಿದ ಮನುಷ್ಯ ಕೊಳ್ಳದಿರುವುದನ್ನು ಕಲಿಸುವ ಗುರುವಾದ. ಆ ಜಂಭಕ್ಕೆ ಮಿತಿ ಇರಲಿಲ್ಲ.

ನಗುತ್ತಾ ಹೇಳಬಹುದಾದ ಕಥೆ ಇಲ್ಲಿಗೆ ಮುಗಿಯಿತು.

ಒಂದು ದಿನ ಹೆಂಡತಿಯ ಬಲಗಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದ ಹಾಗಾಯಿತು, ಆಮೇಲೆ ಅಲ್ಲೊಂದು ಕಪ್ಪು ನೆರಳು ಕೂತಿತು. ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. "ಕಣ್ಣಿನ ಒಳಪದರ ಬಿಟ್ಕೊಳ್ತಾ ಇದೆ. ನಡುಭಾಗ ಇನ್ನೂ ಹಿಡ್ಕೊಂಡಿದೆ. ಅದು ಬಿಡೋದರೊಳಗೆ, ನಾಳೆಯೇ ಆಪರೇಷನ್ ಆಗ್ಬೇಕು" ಎಂದರು.

ಹೊರಗೆ ಹಣ ಕಟ್ಟುವ ಕಿಟಕಿಯ ಹುಡುಗಿ ಪಟ್ಟಿ ನೋಡಿ ಹೇಳಿದಳು: "ನಾಳೆಗೆ ಒಂದೇ ಜಾಗ ಉಳಿದಿದೆ ಆಂಟಿ. ಬೆಳಿಗ್ಗೆಯಿಂದ ಇಬ್ರು ಕೇಳಿದ್ದಾರೆ."

ಹೆಂಡತಿ ಮೊಣಕೈಯಲ್ಲಿ ಗಂಡನನ್ನು ತಿವಿದಳು. "ರೀ, ಕೊನೇ ಪೀಸು ಮಾರೋ ನಿಮ್ಮ ತಂಗಿ ಇಲ್ಲಿ ಕೂತಿದ್ದಾಳೆ ನೋಡಿ" ಎಂದು ಪಿಸುಗುಟ್ಟಿದಳು.

ಆತ ನಕ್ಕುಬಿಟ್ಟ. ಶಿಷ್ಯೆಯ ಚುರುಕು ಕಂಡು ಗುರುವಿಗೆ ಬಂದ ನಗು ಅದು. "ಯೋಚನೆ ಮಾಡಿ ಹೇಳ್ತೀವಿ ಕಣಮ್ಮ" ಎಂದು ಕಿಟಕಿಗೆ ಹೇಳಿದ್ದೂ ಅವನೇ. ಏನನ್ನು ಕ್ಷಮಿಸಿಕೊಂಡರೂ ಆ ನಗುವನ್ನು ಆತ ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಆತ ಡಾಕ್ಟರಮ್ಮನ ಮಾತನ್ನು ಮತ್ತೆ ತಿರುವಿ ನೋಡಿದ. ಮಾರುವವನು ಕೊಳ್ಳುವವರ ಮುಖ ನೋಡುತ್ತಾನೆ, ಮನಸ್ಸು ಎತ್ತ ವಾಲಿತು ಎಂದು. ಡಾಕ್ಟರಮ್ಮ ಮುಖ ನೋಡಿರಲಿಲ್ಲ, ಕಣ್ಣನ್ನು ಮಾತ್ರ ನೋಡಿದ್ದರು. ದನಿ ತಗ್ಗಿಸಿರಲಿಲ್ಲ, ನಕ್ಕಿರಲಿಲ್ಲ. ಆಕೆ ಮಾರಲು ಕೂತವರಲ್ಲ. ಕಿಟಕಿಯ ಹುಡುಗಿ ಹೇಳಿದ್ದೂ ನಿಜವೇ ಇದ್ದೀತು.

ಮನೆಗೆ ಬಂದು, ನಾಳೆಯೇ ಮಾಡಿಸೋಣ ಎಂದು ಹೇಳಿದ. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. "ಒಂದು ವಾರ ಬುಟ್ಟೀಲಿ ಇರ್ಲಿ ಬಿಡಿ. ನೋವಿಲ್ಲ, ಏನಿಲ್ಲ. ಕಣ್ಣು ಕುಯ್ಯೋ ಮಾತು, ಹೆದರಿಸಿ ಮಾಡ್ಸೋದಾ?" ಎಂದಳು. ಆಕೆಗೆ ಭಯವೂ ಇತ್ತು. ಗಂಡ ಕಲಿಸಿದ ಪಾಠ ಆ ಭಯಕ್ಕೆ ಒಳ್ಳೆಯ ನೆಪವಾಗಿ ಒದಗಿತ್ತು.

ಆತ ಎದುರು ಕೂತು ಬೇಡಿಕೊಂಡ. "ನೋಡು, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ. ತಡ ಮಾಡಿದ್ರೆ ಆಮೇಲೆ ಸಿಗಲ್ಲ..." ಎನ್ನುವಷ್ಟರಲ್ಲಿ ದನಿ ತಾನಾಗಿ ತಗ್ಗಿತು, ಮೆತ್ತಗಾಯಿತು. ಆಕೆ ಚಾಕು ಕೆಳಗಿಟ್ಟು ಗಹಗಹಿಸಿದಳು. "ಬಂತು ನೋಡಿ, ಅಂಗಡಿ ದನಿ!"

ಆತ ಬೇರೆ ದನಿಗಾಗಿ ಒಳಗೆಲ್ಲ ತಡಕಾಡಿದ. ಗದರಿ ನೋಡಿದ, ಅದೂ ನಾಟಕದಂತೆ ಕೇಳಿಸಿತು. ಒಬ್ಬರನ್ನು ಒಪ್ಪಿಸಲು ಆತನಿಗೆ ಗೊತ್ತಿದ್ದದ್ದು ಅದೊಂದೇ ದನಿ. ಮಗಳ ಕೈಲಿ ಹೇಳಿಸಿದ. ಅವಳಿಗೆ, "ನಿಮ್ಮಪ್ಪನ ಸೂತ್ರಾನೇ ಕಣೇ" ಎಂಬ ಉತ್ತರ ಸಿಕ್ಕಿತು. ನಾದಿನಿಗೆ ಫೋನು ಮಾಡಿದರೆ, "ಭಾವ, ಅವಸರ ಮಾಡೋರನ್ನ ನಂಬಬೇಡಿ ಅಂತ ನೀವೇ ಹೇಳಿದ್ದಲ್ವಾ?" ಎಂದಳು.

ವಾರ ತುಂಬಲಿಲ್ಲ. ಒಂದು ಬೆಳಿಗ್ಗೆ ಆಕೆ ಎಡಗಣ್ಣು ಮುಚ್ಚಿಕೊಂಡು ಅಡುಗೆಮನೆಯ ನಡುವೆ ನಿಂತು ಕರೆದಳು. "ರೀ, ನೀವು ಕಾಣ್ತಾ ಇಲ್ಲ." ಆತ ಎದುರಿಗೇ ನಿಂತಿದ್ದ.

ಕೂಡಲೇ ಓಡಿದರು, ಆಪರೇಷನ್ನೂ ಆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪದರ ತನ್ನ ಜಾಗದಲ್ಲಿ ಕೂತಿತು, ನೋಟ ಮರಳಲಿಲ್ಲ. ಬೆಳಕು ಯಾವುದು, ಕತ್ತಲೆ ಯಾವುದು, ಅಷ್ಟು ಮಾತ್ರ ಆ ಕಣ್ಣಿಗೆ ಉಳಿಯಿತು. "ಅವತ್ತೇ ಬಂದಿದ್ರೆ..." ಎಂದು ಶುರುಮಾಡಿದ ಡಾಕ್ಟರಮ್ಮ ಆತನ ಮುಖ ನೋಡಿ ಕಣ್ಣಿನ ಹನಿಯ ಚೀಟಿ ಬರೆಯತೊಡಗಿದರು.

ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ, ಹಾಸಿಗೆಯ ಬಲಪಕ್ಕ, ಆಕೆಗೆ ಕಾಣದ ಕಡೆ ಕುರ್ಚಿ ಎಳೆದುಕೊಂಡು ಕೂತು ಆತ ಹೇಳಿದ, "ಅವತ್ತು ನಾನು ನಿಜಾನೇ ಹೇಳಿದ್ದು ಕಣೇ."

ಹೆಂಡತಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ದನಿ ಬಂದ ಕಡೆಗೆ ಮುಖ ತಿರುಗಿಸಿ ಮೆಲ್ಲಗೆ ಕೇಳಿದಳು: "ಈಗ ಗೊತ್ತಾಯ್ತು ಬಿಡಿ. ಆದ್ರೆ ರೀ, ನಿಜ ಹೇಳುವಾಗ ನಿಮ್ಮ ದನಿ ಹೇಗಿರುತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕಿತ್ತು?"

ಕಣ್ಣಿಗೆ ಹನಿ ಹಾಕುವ ಹೊತ್ತಾಗಿತ್ತು. ಆತ ಎದ್ದು ಆಕೆಯ ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದ.