ಬೇಡಿ ಬಿಚ್ಚುತ್ತಿದ್ದ ಹವಾಲ್ದಾರರು

ಗದಗಿನ ಸಬ್‌ಜೈಲಿನಲ್ಲಿ ನಾನು ಕಾರಕೂನನಾಗಿದ್ದಾಗ ಅಲ್ಲೊಬ್ಬ ಹವಾಲ್ದಾರರಿದ್ದರು. ಊಟದ ಹೊತ್ತಿಗೆ ಸೊಂಟದ ಕೀಲಿಕೈ ತೆಗೆದು ಕೈದಿಗಳ ಬೇಡಿ ಬಿಚ್ಚುವರು, ಬೇಡಿ ಒತ್ತಿದ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕುವರು. ಯಾರೇ ಕೇಳಲಿ, ಒಂದೇ ಮಾತು: “ಉಣ್ಣೂ ಕೈಗೆ ಬೇಡಿ ಹಾಕಬಾರದ್ರಿ.”

ಬ್ರಿಟಿಷರ ಕಾಲದಲ್ಲಿ ಚಳವಳಿ ಮಾಡಿ ಸಿಕ್ಕಿಬಿದ್ದ ಬೆಟಗೇರಿಯ ನೇಕಾರರಿಗೂ ಹಾಗೆಯೇ ಬಿಚ್ಚಿದ್ದರಂತೆ. ಜೊತೆಯ ಹವಾಲ್ದಾರನೊಬ್ಬ ಸಾಹೇಬನಿಗೆ ಚಾಡಿ ಹೇಳಿದ. ಸಾಹೇಬ ಇವರ ಸರ್ವಿಸ್ ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದ: ‘ರಾಜದ್ರೋಹಿಗಳಿಗೆ ಸಲಿಗೆ ಕೊಟ್ಟವನು. ಬಡ್ತಿಗೆ ಯೋಗ್ಯನಲ್ಲ.’

ಸ್ವಾತಂತ್ರ್ಯ ಬಂತು, ಆ ನೇಕಾರರ ಕೊರಳಿಗೆ ಹಾರ ಬಿದ್ದವು. ಏಕೀಕರಣವೂ ಆಯಿತು. ಮರುವರ್ಷ ಜೈಲರ್ ಹುದ್ದೆ ಖಾಲಿಯಾದಾಗ ಅದು ಹೋದದ್ದು ಚಾಡಿ ಹೇಳಿದವನಿಗೆ. ಅವನ ಬುಕ್ಕಿನಲ್ಲಿ ಒಂದು ಕಲೆಯೂ ಇಲ್ಲವೆಂಬುದೇ ಮೇಲಿನವರು ಕೊಟ್ಟ ಕಾರಣ.

ನನಗೆ ಮೈ ಉರಿದುಹೋಯಿತು. “ಮ್ಯಾಲಿನವರಿಗೆ ಅರ್ಜಿ ಹಾಕ್ರಿ, ನಾ ಬರದ ಕೊಡ್ತೀನಿ,” ಎಂದೆ.

“ಏನಂತ ಬರೀತೀರಿ? ಬೇಡಿ ಬಿಚ್ಚಿದ್ದು ಖರೆ ಐತಲ್ಲ,” ಎಂದವರೇ ಕೀಲಿಕೈ ಹಿಡಿದು ಒಳಗೆ ನಡೆದರು. ಊಟದ ಹೊತ್ತಾಗಿತ್ತು.

ಆ ಸಿಟ್ಟು ಇಂದಿಗೂ ಇಳಿದಿಲ್ಲ. ಆದರೆ ಯಾರ ಮೇಲೆ ತೀರಿಸಲಿ? ಏಕೀಕರಣವಾದ ಹೊಸತರಲ್ಲಿ, ನಮ್ಮ ರಾಜ್ಯದ ದಫ್ತರಕ್ಕೆಂದು ಎಲ್ಲರ ಸರ್ವಿಸ್ ಬುಕ್ಕು ನಕಲು ಮಾಡಿದವನು ನಾನೇ. ಆ ಸಾಲು ಬಂದಾಗ ಪೆನ್ನು ಬದಲಿಸಿ, ಕೆಂಪು ಶಾಯಿಯಲ್ಲೇ, ಗುಂಡಗಿನ ಅಕ್ಷರದಲ್ಲಿ ಒಂದು ತಪ್ಪಿಲ್ಲದೆ ಬರೆದಿದ್ದೆ.