ಹಿಂದಿನ ಸಾಲಿನಿಂದ ತಿದ್ದಿದವಳು

ನನ್ನ ಬಾಯಿಗೆ ಬೀಗವಿಲ್ಲ ಎಂದು ಮನೆಯಲ್ಲಿ ಎಲ್ಲರೂ ಬೈಯುತ್ತಾರೆ. ಬೈಯಲಿ ಬಿಡಿ, ಭದ್ರಾವತಿಯಲ್ಲಿ ಅದು ಉಪಯೋಗಕ್ಕೆ ಬಂತು.

ನಾನು ಶಿವಮೊಗ್ಗದ ವಿದ್ಯಾನಗರದಲ್ಲಿರುವ ಕನ್ನಡ ಟೀಚರ್. ಭದ್ರಾವತಿಯ ನನ್ನ ಗೆಳತಿ ಅರಬ್ಬಿ ಕಲಿತವಳು. ಅವಳ ಬೀದಿಯಲ್ಲಿ ಒಂದು ಮನೆಯ ಮಾತು ಉರ್ದು, ಇನ್ನೊಂದರದು ತಮಿಳು, ಮತ್ತೊಂದರದು ಮಲಯಾಳ. ಎಲ್ಲರಿಗೂ ಬರುವುದು ಕನ್ನಡ. ಹಾಗಾಗಿ ಕುರಾನಿನ ಬೇರೆ ಬೇರೆ ಓದಿನ ಕ್ರಮಗಳ ಬಗ್ಗೆ ಹೆಂಗಸರಿಗೆ ಕನ್ನಡದಲ್ಲೇ ಪಾಠ ಮಾಡಲು ಹೊರಟಳು. ಜಾಗ ಅವಳ ಅತ್ತೆಯ ಮನೆಯ ಹಜಾರ. ಅತ್ತೆಗೆ ಸರಿಕಾಣದಿದ್ದರೆ ಪಾಠ ಅವತ್ತೇ ಬಂದ್.

ವಾರವಿಡೀ ಫೋನಿನಲ್ಲಿ ನನ್ನ ಮೇಲೆ ಅಭ್ಯಾಸ ನಡೆಯಿತು.

"ನಾವು ದಿನಾ ಓದೋದು 'ಮಾಲಿಕಿ ಯೌಮಿದ್ದೀನ್'. ತೀರ್ಪಿನ ದಿನದ ಒಡೆಯ ಅಂತ. ಇನ್ನೊಂದು ಓದಲ್ಲಿ 'ಮಲಿಕಿ', ಆ ದಿನದ ರಾಜ. ಎರಡೂ ಗುರುಗಳ ಬಾಯಿಂದ ಬಾಯಿಗೆ ಬಂದಿದ್ದೇ. ತಿಳೀತಾ?"

"ತಿಳೀತು ಮಾರಾಯ್ತಿ, ಹಾಲು ಉಕ್ತಾ ಇದೆ, ಬಿಡು!"

ಪಾಠದ ದಿನ ಹಿಂದಿನ ಸಾಲಿನಲ್ಲಿ ಕೂತೆ. ಗೆಳತಿ ಗಾಬರಿಯಲ್ಲಿ ಪೀಠಿಕೆ ಮರೆತು ನೇರವಾಗಿ 'ಮಲಿಕಿ' ಎಂದು ಓದಿಬಿಟ್ಟಳು. ಓದುವವರು ತಪ್ಪಿದರೆ ಕೇಳುವವರು ಅಲ್ಲೇ ತಿದ್ದುವುದು ಅವರಲ್ಲಿ ರೂಢಿ. ಇಡೀ ಹಜಾರ ಒಂದೇ ಉಸಿರಿಗೆ "ಮಾಲಿಕಿ!" ಎಂದಿತು. ಗೆಳತಿ ಹೇಳಬೇಕಿದ್ದನ್ನೆಲ್ಲ ತಡವರಿಸುತ್ತಾ ಹೇಳಿದಳು.

"ಹಂಗಾದ್ರೆ ಇಷ್ಟು ದಿನ ನಾವು ಓದಿದ್ದು ತಪ್ಪಾ?" ಅತ್ತೆ ಕೇಳಿದರು.

"ಇಲ್ಲ ಅಮ್ಮಿ, ಎರಡೂ ಸರಿ. ಈ ಮನೆಗೆ ನೀವು ಒಡತಿ, ಆದ್ರೆ ಊರಲ್ಲಿ ನಿಮ್ಮ ಮಾತು ನಡೆಯಲ್ಲ. ಊರಾಳೋ ರಾಜಂಗೆ ನಿಮ್ಮ ಮನೆ ಸ್ವಂತ ಅಲ್ಲ. ತೀರ್ಪಿನ ದಿನ ಮಾತ್ರ ಎಲ್ಲ ದೇವರದೇ, ಮಾತೂ ಅವನದೇ."

"ಇವರ ಮಾತು ಊರಲ್ಲೂ ನಡೀತದೆ!" ಎಂದರು ಯಾರೋ. ಹಜಾರವೆಲ್ಲ ಕಿಸಕ್ಕೆಂದಿತು. ಅತ್ತೆ ನಗಲಿಲ್ಲ.

"ಆ ಇನ್ನೊಂದು ಓದನ್ನೇ ಮತ್ತೆ ಓದು. ಯಾರೂ ಬಾಯಿ ಹಾಕ್ಬೇಡಿ."

ಗೆಳತಿ ಕಣ್ಣುಮುಚ್ಚಿ ಓದಿದಳು. ಚಿಕ್ಕಂದಿನ ಅಭ್ಯಾಸ ಬಿಡಬೇಕಲ್ಲ! "ಮಾಲಿಕಿ" ಎಂದಳು.

"ಮಲಿಕಿ!"

ಕೂಗಿದ್ದು ನಾನು. ಎಲ್ಲರೂ ತಿರುಗಿ ನನ್ನ ಹಣೆಯ ಕುಂಕುಮವನ್ನೇ ನೋಡಿದರು. ಅಯ್ಯೋ ದೇವರೇ, ಪಾಠ ಮುಚ್ಚಿಸಿಬಿಟ್ಟೆನಲ್ಲ!

ಅಷ್ಟರಲ್ಲಿ ಅತ್ತೆಗೆ ನಗು ಶುರುವಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ಅಲಿಫ್ ಅಕ್ಷರಾನೂ ಗೊತ್ತಿಲ್ಲದ ಟೀಚರಮ್ಮಂಗೇ ಕಲಿಸಿದ್ದಾಳೆ, ನಮಗೆ ಕಲಿಸಲ್ವಾ?" ಎಂದು ಸರಿದು, ಪಕ್ಕದ ಚಾಪೆ ತಟ್ಟಿದರು. "ಇಲ್ಲಿ ಬನ್ನಿ. ಮುಂದಿನ ವಾರನೂ ಇದೇ ನಿಮ್ಮ ಜಾಗ."

ಗೆಳತಿ ಮತ್ತೆ ಓದಿದಳು. ಯಾರೂ ತಿದ್ದಲಿಲ್ಲ. ನನ್ನ ಪಕ್ಕದಲ್ಲಿ ಅತ್ತೆ ಮೆಲ್ಲಗೆ, ನನಗಷ್ಟೇ ಕೇಳುವಂತೆ, "ಮಲಿಕಿ" ಎಂದು ಹೇಳಿ ನೋಡಿದರು.